ಕ್ರ್ಯಾಂಕ್ ಬೇರಿಂಗ್ ಯಾಕೆ ಹೋಯಿತು? ಹಳೆಯ ಬೈಕ್ ಇಂಜಿನ್ ಬಿಚ್ಚುವವರ ಜೊತೆ ಒಂದಿಷ್ಟು ಮಾತು

ಇಂಜಿನ್ ಬಿಚ್ಚಿ ಹರವಿಕೊಂಡು ಕೂತ ಮೇಲೆ ನಮ್ಮಲ್ಲಿ ಹೆಚ್ಚಿನವರಿಗೆ ಒಂದು ಆತುರ ಶುರುವಾಗುತ್ತದೆ. ಹೊಸ ಬೇರಿಂಗ್ ಡಬ್ಬಿಯೊಳಗೆ ಹೊಳೆಯುತ್ತಾ ಕೂತಿದೆ. ಹಳೆಯದನ್ನು ಹೊಡೆದು ತೆಗೆದು ಮೂಲೆಗೆಸೆದು, ಹೊಸದನ್ನು ಕೂರಿಸಿಬಿಟ್ಟರೆ ಕೆಲಸ ಮುಗಿಯಿತು ಅನ್ನಿಸುತ್ತದೆ. ಆ ಎಸೆಯುವ ಕೈಯನ್ನು ಸ್ವಲ್ಪ ತಡೆಯಿರಿ ಎಂದು ಹೇಳುವುದಕ್ಕೇ ನಾನು ಇವತ್ತು ಬಂದಿರುವುದು. ಬೇರಿಂಗ್ ವಯಸ್ಸಾಗಿ ತಾನಾಗೇ ಹೋಗುವುದು ಅಪರೂಪ. ಹೆಚ್ಚಿನ ಸಲ ಏನೋ ಒಂದು ಅದನ್ನು ಕೊಂದಿರುತ್ತದೆ. ಕೊಳಕು ಎಣ್ಣೆ, ಸಡಿಲವಾದ ಹೌಸಿಂಗ್ (ಕೇಸಿನಲ್ಲಿ ಬೇರಿಂಗ್ ಕೂರುವ ತೂತು), ಸೊಟ್ಟಗಾದ ಕ್ರ್ಯಾಂಕ್, ಇಲ್ಲವೇ ವರ್ಷಗಟ್ಟಲೆ ನಿಂತಲ್ಲೇ ನಿಂತ ಗಾಡಿ. ಕಾರಣ ಹುಡುಕದೆ ಹೊಸದನ್ನು ಹಾಕಿದರೆ ಅದೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ, ಇನ್ನೂ ಬೇಗ.

ಮೊದಲು ಸದ್ದಿನ ವಿಷಯ. ಪಿಸ್ಟನ್ನಿನ ಏರಿಳಿತವನ್ನು ತಿರುಗಾಟವಾಗಿ ಬದಲಿಸುವ ಶಾಫ್ಟ್ ಕ್ರ್ಯಾಂಕ್. ಅದರ ಎರಡು ತುದಿಗಳನ್ನು ಹೊರುವುದು ಮೇನ್ ಬೇರಿಂಗ್. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಕೆಳಗಿನ ತುದಿಯಲ್ಲಿರುವುದು ಬಿಗ್ ಎಂಡ್. ಇವೆರಡರ ಸದ್ದು ಬೇರೆ ಬೇರೆ. ಮೇನ್ ಹೋದರೆ ಕಿವಿಗಿಂತ ಮೊದಲು ಕಾಲಿಗೆ ಗೊತ್ತಾಗುತ್ತದೆ. ಫುಟ್‌ರೆಸ್ಟ್‌ನಲ್ಲಿ ಗುರುಗುರು ಅನ್ನುವ ಒಂದು ದಪ್ಪ ನಡುಕ, ವೇಗ ಏರಿದಂತೆ ಏರುತ್ತದೆ. ಬಿಗ್ ಎಂಡ್ ಹಾಗಲ್ಲ, ಅದು ಬಡಿಯುತ್ತದೆ. ಮಧ್ಯದ ವೇಗದಲ್ಲಿ ಥ್ರಾಟಲ್ ಬಿಟ್ಟು ಮತ್ತೆ ತಿರುವುವ ಹೊತ್ತಿಗೆ, ಭಾರ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರಳುವಾಗ, ಟಕಟಕ ಅನ್ನುವ ಪೆಟ್ಟು ಸ್ಪಷ್ಟವಾಗಿ ಕೇಳುತ್ತದೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಕ್ರ್ಯಾಂಕ್‌ಕೇಸಿಗೆ ಒತ್ತಿ ಹಿಡಿಯನ್ನು ಕಿವಿಯ ಬಳಿ ಇಟ್ಟು ಕೇಳುವ ಪದ್ಧತಿ ಹಳೆಯದು, ಆದರೆ ಇವತ್ತಿಗೂ ಒಳ್ಳೆಯದು. ಸದ್ದು ಮಾಡದ ಲಕ್ಷಣಗಳೂ ಇವೆ. ಸ್ಟ್ರೋಬ್ ಲೈಟ್ ಹಿಡಿದಾಗ ಟೈಮಿಂಗ್ ಗುರುತು ಒಂದೇ ಕಡೆ ನಿಲ್ಲದೆ ಕುಣಿಯುತ್ತದೆ. ಆಲ್ಟರ್ನೇಟರ್ ರೋಟರಿನ ಮೇಲೆ ಒಂದೇ ಬದಿಗೆ ಉಜ್ಜಿದ ಗೀರು ಕಾಣುತ್ತದೆ. ಹೊಸ ಆಯಿಲ್ ಸೀಲ್ ಹಾಕಿದರೂ ನಾಲ್ಕು ದಿನದಲ್ಲಿ ಮತ್ತೆ ಸೋರುತ್ತದೆ. ಶಾಫ್ಟ್ ಕುಣಿಯುತ್ತಿರುವಾಗ ಸೀಲ್ ಪಾಪ ಏನು ಮಾಡೀತು?

ಟೂ-ಸ್ಟ್ರೋಕ್ ಆದರೆ ಇನ್ನೊಂದು ಅಪಾಯ ಜೊತೆಗೆ ಬರುತ್ತದೆ. ಅಲ್ಲಿ ಪೆಟ್ರೋಲ್ ಮಿಶ್ರಣ ಸಿಲಿಂಡರಿಗೆ ಹೋಗುವುದು ಕ್ರ್ಯಾಂಕ್‌ಕೇಸಿನ ಮೂಲಕ. ಬೇರಿಂಗ್ ಸವೆದು ಸೀಲ್ ತುಟಿ ಹಾಳಾದರೆ ಅಲ್ಲಿಂದ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಮಿಶ್ರಣ ತೆಳುವಾಗುತ್ತದೆ, ಪಿಸ್ಟನ್ ಕಾಯ್ದು ಕಚ್ಚಿಕೊಳ್ಳುತ್ತದೆ. ನೀವು ಕಾರ್ಬ್ಯುರೇಟರ್ ಜೆಟ್ ಬದಲಿಸುತ್ತಾ ಕೂರುತ್ತೀರಿ, ರೋಗ ಇರುವುದು ಕೆಳಗೆ.

ಬಿಚ್ಚುವ ಮೊದಲು ಕೈಯಿಂದ ಮಾಡುವ ಒಂದು ಪರೀಕ್ಷೆ ಇದೆ, ಅದರಲ್ಲಿ ತುಂಬಾ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಸಿಲಿಂಡರ್ ತೆಗೆದ ಮೇಲೆ ರಾಡ್ ಕೈಗೆ ಸಿಗುತ್ತದೆ. ಅದನ್ನು ಎಡಕ್ಕೂ ಬಲಕ್ಕೂ ವಾಲಿಸಿ, ಅಯ್ಯೋ ಇಷ್ಟೊಂದು ಆಡುತ್ತಿದೆ, ಬಿಗ್ ಎಂಡ್ ಹೋಗಿದೆ ಎನ್ನುತ್ತಾರೆ. ರೋಲರ್ ಬಿಗ್ ಎಂಡ್‌ನಲ್ಲಿ ಆ ಪಕ್ಕದ ವಾಲಾಟ ಸ್ವಲ್ಪ ಇರಲೇಬೇಕು. ಯಮಾಹಾ ಟೂ-ಸ್ಟ್ರೋಕ್ ಕೈಪಿಡಿಗಳಲ್ಲಿ ರಾಡಿನ ಮೇಲ್ತುದಿಯಲ್ಲಿ 2 ಮಿ.ಮೀ. ತನಕ ಬಿಟ್ಟಿದ್ದಾರೆ. ಇರಬಾರದ್ದು ನೇರ ಮೇಲೆ-ಕೆಳಗಿನ ಆಟ. ಕ್ರ್ಯಾಂಕ್ ಪಿನ್ ಮೇಲಕ್ಕೆ ಬರುವಂತೆ ತಿರುಗಿಸಿ, ಫ್ಲೈವೀಲ್ ಅಲ್ಲಾಡದಂತೆ ಯಾರನ್ನಾದರೂ ಹಿಡಿಯಲು ಹೇಳಿ, ರಾಡನ್ನು ನೆಟ್ಟಗೆ ಎಳೆದು ಒತ್ತಿ ನೋಡಿ. ಬೆರಳಿಗೆ ಟಕ್ ಅಂದರೆ ಮುಗಿಯಿತು. ಒಂದು ಎಚ್ಚರಿಕೆ: ಎಣ್ಣೆ ತುಂಬಿಕೊಂಡಿದ್ದರೆ ಆ ಟಕ್ ಮುಚ್ಚಿಹೋಗುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು ನೋಡಿ.

ಈಗ ಕೇಸ್ ಬೇರ್ಪಡಿಸಿದ್ದೀರಿ, ಹಳೆಯ ಬೇರಿಂಗ್ ಕೈಯಲ್ಲಿದೆ ಅಂದುಕೊಳ್ಳಿ. ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಚೆನ್ನಾಗಿ ತೊಳೆದು ಬೆಳಕಿಗೆ ಹಿಡಿಯಿರಿ. ತೊಳೆದ ಮೇಲೆ ಕಂಪ್ರೆಸರ್ ಗಾಳಿ ಬಿಟ್ಟು ಗಿರ್ರನೆ ತಿರುಗಿಸುವ ಚಟ ಹಲವರಿಗಿದೆ. ದಯವಿಟ್ಟು ಬೇಡ. ಎಣ್ಣೆಯಿಲ್ಲದ ಬೇರಿಂಗ್ ಆ ವೇಗದಲ್ಲಿ ಸಿಡಿದು ಗುಂಡುಗಳು ಹಾರಬಹುದು. ಅಲ್ಲದೆ ಒಣಗಿದ ಬಾಲ್ ಬೇರಿಂಗ್ ಒಳ್ಳೆಯದಾಗಿದ್ದರೂ ಗಲಗಲ ಎನ್ನುತ್ತದೆ, ಆ ಸದ್ದಿನಿಂದ ಏನೂ ತಿಳಿಯುವುದಿಲ್ಲ. ಎರಡು ತೊಟ್ಟು ತೆಳು ಎಣ್ಣೆ ಬಿಟ್ಟು ನಿಧಾನವಾಗಿ ಬೆರಳಲ್ಲಿ ತಿರುಗಿಸಿ. ಕಚಕಚ ತಡೆದರೆ ಅದು ಹೋಗಿದೆ.

ಗುಂಡು ಓಡುವ ದಾರಿಯನ್ನು ನೋಡಿ. ಅಲ್ಲಿ ಲೋಹ ಸಿಪ್ಪೆಯೆದ್ದು ಸಣ್ಣ ಗುಳಿಗಳಾಗಿದ್ದರೆ ಅದು ದಣಿವು. ಲಕ್ಷಗಟ್ಟಲೆ ಸುತ್ತು ಹೊರೆ ಹೊತ್ತು ಉಕ್ಕು ಸೋತಿದೆ. ಗುಂಡುಗಳ ನಡುವಿನ ಅಂತರದಲ್ಲೇ ಸಾಲಾಗಿ ಅಚ್ಚೊತ್ತಿದಂತೆ ತಗ್ಗುಗಳಿದ್ದರೆ ಹಿಂದೆ ಯಾರೋ ಅದನ್ನು ಸುತ್ತಿಗೆಯಿಂದ ಬಡಿದು ಕೂರಿಸಿದ್ದಾರೆ, ಪೆಟ್ಟು ಗುಂಡುಗಳ ಮೂಲಕ ಹಾದುಹೋಗಿದೆ. ಅದೇ ಅಂತರದಲ್ಲಿ ತಗ್ಗಿನ ಬದಲು ಕಂದು ತುಕ್ಕಿನ ಗೆರೆಗಳಿದ್ದರೆ ಗಾಡಿ ಬಹಳ ಕಾಲ ಒಂದೇ ಭಂಗಿಯಲ್ಲಿ ನಿಂತಿತ್ತು, ಎಣ್ಣೆಯಲ್ಲಿ ನೀರು ಸೇರಿತ್ತು ಎಂದು ಅರ್ಥ. ಶೆಡ್ಡಿನಿಂದ ಹೊರಗೆಳೆದ ಗಾಡಿಗಳಲ್ಲಿ ಇದನ್ನು ಸದಾ ನೋಡುತ್ತೇವೆ. ಓಡಿದ್ದು ಕಡಿಮೆ, ಬೇರಿಂಗ್ ಮಾತ್ರ ಹಾಳು. ದಾರಿಯೆಲ್ಲ ಹೊಳಪು ಸತ್ತು ಬೂದಿ ಬಣ್ಣಕ್ಕೆ ತಿರುಗಿದ್ದರೆ ಎಣ್ಣೆಯಲ್ಲಿ ದೂಳು ಅಥವಾ ಲೋಹದ ಪುಡಿ ಓಡಾಡಿದೆ. ನೀಲಿ ಬಣ್ಣ ಬಂದಿದ್ದರೆ ಎಣ್ಣೆ ತಲುಪದೆ ಸುಟ್ಟಿದೆ. ಓಡಿದ ಗುರುತು ಒಳಬಳೆಯಲ್ಲೋ ಹೊರಬಳೆಯಲ್ಲೋ ನೇರವಾಗಿ ಸುತ್ತದೆ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಓರೆಯಾಗಿ ಹೊರಳಿದ್ದರೆ ಎರಡು ಬೇರಿಂಗ್‌ಗಳು ಒಂದೇ ನೇರದಲ್ಲಿಲ್ಲ, ಇಲ್ಲವೇ ಕ್ರ್ಯಾಂಕ್ ಸೊಟ್ಟಗಿದೆ.

ಇನ್ನು ಹೊರಬಳೆಯ ಹೊರಮೈ. ಇದನ್ನು ಯಾರೂ ನೋಡುವುದೇ ಇಲ್ಲ. ಅಲ್ಲಿ ಕನ್ನಡಿಯ ಹಾಗೆ ಮಿರುಗುವ ಹೊಳಪು ಕಂಡರೆ ಬೇರಿಂಗ್ ಹೌಸಿಂಗಿನೊಳಗೆ ತಾನೇ ತಿರುಗುತ್ತಿತ್ತು. ಒಬ್ಬರು ಒಂದು ಹಳೆಯ ಇಂಗ್ಲಿಷ್ ಟ್ವಿನ್ (ಎರಡು ಸಿಲಿಂಡರ್) ಇಂಜಿನ್ ತಂದಿದ್ದರು. ಮೇನ್ ಬೇರಿಂಗ್ ಹೊಸದಾಗಿ ಹಾಕಿಸಿದ್ದರು, ಗುರುಗುರು ಮತ್ತೆ ಬಂತು. ಮತ್ತೆ ಹಾಕಿಸಿದರು, ಇನ್ನೂ ಒಳ್ಳೆಯ ಕಂಪನಿಯದು. ಮತ್ತೆ ಬಂತು. ಬಿಚ್ಚಿ ನೋಡಿದರೆ ಬೇರಿಂಗಿನ ಒಳಗೆ ಒಂದು ಗೀರೂ ಇಲ್ಲ, ಹೊರಮೈ ಮಾತ್ರ ಮಿರಮಿರ. ತಣ್ಣಗಿನ ಕೇಸಿಗೆ ಅದು ಬೆರಳಲ್ಲಿ ಒತ್ತಿದರೆ ಒಳಗೆ ಹೋಗುತ್ತಿತ್ತು. ತೊಂದರೆ ಇದ್ದದ್ದು ಅಲ್ಯೂಮಿನಿಯಂ ಕೇಸಿನಲ್ಲಿ. ದುಡ್ಡು ಹೋದದ್ದು ಬೇರಿಂಗಿಗೆ.

ಯಾಕೆ ಹೀಗಾಗುತ್ತದೆ ಎನ್ನುವುದಕ್ಕೆ ಒಂದು ಲೆಕ್ಕ ಇದೆ. ಅಲ್ಯೂಮಿನಿಯಂ ಬಿಸಿಗೆ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. 72 ಮಿ.ಮೀ. ಹೊರವ್ಯಾಸದ ಒಂದು ಬೇರಿಂಗ್ ತೆಗೆದುಕೊಳ್ಳಿ, ಹಳೆಯ ಇಂಜಿನ್‌ಗಳಲ್ಲಿ ಸಾಮಾನ್ಯವಾದ ಅಳತೆ. ಇಂಜಿನ್ ಓಡಿ ಕೇಸ್ 90 ಡಿಗ್ರಿಗೆ ಬಂದಾಗ ಆ ತೂತು ಬೇರಿಂಗಿಗಿಂತ ಸುಮಾರು 0.05 ಮಿ.ಮೀ. ಹೆಚ್ಚು ಹಿಗ್ಗಿರುತ್ತದೆ. ಅಂದರೆ ತಣ್ಣಗಿದ್ದಾಗ ಬರೀ ‘ಸರಿಯಾಗಿ ಕೂತಿದೆ’ ಎನ್ನುವಷ್ಟು ಇದ್ದರೆ ಸಾಲದು, ಒತ್ತಿ ಹಿಡಿದಿರಬೇಕು. ಹಿಡಿತ ಇಲ್ಲದಿದ್ದರೆ ಬಿಸಿಯಾದ ಕೂಡಲೇ ಹೊರಬಳೆ ತಿರುಗಲು ಶುರುಮಾಡುತ್ತದೆ, ತಿರುಗಿದಷ್ಟೂ ಹೌಸಿಂಗ್ ಸವೆಯುತ್ತದೆ.

ಇದೇ ಲೆಕ್ಕ ಬಿಚ್ಚುವಾಗ ನಮ್ಮ ಕಡೆಗಿದೆ. ಕೇಸನ್ನು 20 ಡಿಗ್ರಿಯಿಂದ 120 ಡಿಗ್ರಿಗೆ ಕಾಯಿಸಿದರೆ ಅದೇ 72 ಮಿ.ಮೀ. ತೂತು 0.16 ಮಿ.ಮೀ. ದೊಡ್ಡದಾಗುತ್ತದೆ. ಒಳಗಿರುವ ಬೇರಿಂಗೂ ಕಾಯುವುದರಿಂದ ನಮಗೆ ಸಿಗುವ ವ್ಯತ್ಯಾಸ ಅದರ ಅರ್ಧದಷ್ಟು. ಅಷ್ಟು ಸಾಕು. ಎತ್ತಿನಗಾಡಿಯ ಮರದ ಗಾಲಿಗೆ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ತೊಡಿಸಿ ನೀರು ಹಾಕಿ ಬಿಗಿ ಮಾಡುತ್ತಾರಲ್ಲ, ಅದೇ ವಿದ್ಯೆ. ಕೇಸನ್ನು ಓವನ್‌ನಲ್ಲಿ ಇಡೀ ಒಂದೇ ಸಮ ಕಾಯಿಸಿ. ಅದಕ್ಕೂ ಮೊದಲು ಎಣ್ಣೆ, ಗ್ಯಾಸ್ಕೆಟ್ ಅಂಟು, ರಬ್ಬರ್ ಸೀಲ್ ಎಲ್ಲ ತೆಗೆದು ಚೆನ್ನಾಗಿ ತೊಳೆಯಿರಿ, ಇಲ್ಲದಿದ್ದರೆ ಮನೆ ತುಂಬ ಹೊಗೆ. ಮನೆಯವರು ಅಡುಗೆ ಮಾಡುವ ಓವನ್ ಬಳಸಬೇಡಿ ಎಂದು ಬೇರೆ ಹೇಳಬೇಕಾಗಿಲ್ಲ ಅಂದುಕೊಂಡಿದ್ದೇನೆ.

ಥರ್ಮಾಮೀಟರ್ ಇಲ್ಲದಿದ್ದರೆ ಒಂದು ತೊಟ್ಟು ನೀರು ಹಾಕಿ ನೋಡಿ. ಚುಯ್ ಎಂದು ತಕ್ಷಣ ಆವಿಯಾದರೆ ಸಾಕಷ್ಟು ಬಿಸಿ. ಹನಿ ಗುಂಡಾಗಿ ಜಾರಾಡಲು ಶುರುವಾದರೆ ಮಿತಿ ಮೀರಿದೆ, ಕೇಸನ್ನು ತಣಿಯಲು ಬಿಡಿ. ಗ್ಯಾಸ್ ಟಾರ್ಚ್ ಹಿಡಿದು ಒಂದೇ ಜಾಗ ಸುಡುವುದನ್ನು ಮಾತ್ರ ಮಾಡಬೇಡಿ. ಒಂದು ಕಡೆ ಹಿಗ್ಗಿ ಇನ್ನೊಂದು ಕಡೆ ಹಿಗ್ಗದೆ ಹಳೆಯ ಎರಕ ಸೊಟ್ಟಗಾಗುತ್ತದೆ. ಕೆಲವು ರೇಸಿಂಗ್ ಇಂಜಿನ್‌ಗಳ ಕೇಸ್ ಮೆಗ್ನೀಸಿಯಂ ಮಿಶ್ರಲೋಹದ್ದು, ಅದಕ್ಕೆ ಬೆಂಕಿ ತೋರಿಸುವ ಮಾತೇ ಇಲ್ಲ.

ಕಾದ ಕೇಸನ್ನು ದಪ್ಪ ಕೈಗವಸಿನಲ್ಲಿ ಹಿಡಿದು ಮುಖ ಕೆಳಗೆ ಮಾಡಿ ಮರದ ಹಲಗೆಯ ಮೇಲೆ ಚಪ್ಪಟೆಯಾಗಿ ಒಮ್ಮೆ ತಟ್ಟಿ. ಬೇರಿಂಗ್ ತಾನಾಗಿ ಉದುರುತ್ತದೆ. ಉದುರಲಿಲ್ಲವೇ? ಇನ್ನೊಮ್ಮೆ ಕಾಯಿಸಿ. ಆಗಲೂ ಬರದಿದ್ದರೆ ಎಲ್ಲೋ ಸರ್ಕ್ಲಿಪ್, ಅಂದರೆ ಬೇರಿಂಗ್ ಜಾರದಂತೆ ಹಿಡಿಯುವ ಸ್ಪ್ರಿಂಗ್ ಬಳೆ, ಇದೆ, ನೀವು ನೋಡಿಲ್ಲ. ಕೊಳೆಯ ಕೆಳಗೆ ಸರ್ಕ್ಲಿಪ್ ಅಡಗಿ ಕೂರುವುದು ಮಾಮೂಲು, ಅದನ್ನು ಬಿಟ್ಟು ಬಡಿದು ಕೇಸ್ ಒಡೆದವರು ಇದ್ದಾರೆ. ಹಿಂದಿನಿಂದ ಒತ್ತಲು ಜಾಗವೇ ಇಲ್ಲದ ಬುಷ್ (ಗುಂಡುಗಳಿಲ್ಲದ, ಕೊಳವೆಯಂಥ ಬೇರಿಂಗ್) ಇದ್ದರೆ ಅದರೊಳಗೆ ಗ್ರೀಸ್ ತುಂಬಿ, ತೂತಿಗೆ ಸರಿಹೊಂದುವ ಕಡ್ಡಿ ಇಟ್ಟು ತಟ್ಟಿ. ಗ್ರೀಸ್ ಓಡಿಹೋಗಲು ದಾರಿ ಕಾಣದೆ ಬುಷ್ಷನ್ನೇ ಹಿಂದಿನಿಂದ ತಳ್ಳಿಕೊಂಡು ಬರುತ್ತದೆ. ರೋಲರ್ ಬೇರಿಂಗಿನ ಒಳಬಳೆ ಶಾಫ್ಟಿನ ಮೇಲೇ ಉಳಿದಿರುತ್ತದೆ, ಅದಕ್ಕೆ ತೆಳು ಅಂಚಿನ ಸೆಪರೇಟರ್ ಪುಲ್ಲರ್ ಬೇಕು. ಉಳಿ ಹಾಕಿ ಹೊಡೆದರೆ ಶಾಫ್ಟಿಗೆ ಗಾಯ.

ಹೌಸಿಂಗ್ ಸಡಿಲವಾಗಿದ್ದರೆ ಏನು ಮಾಡುವುದು? ಹಳೆಯ ವರ್ಕ್‌ಶಾಪ್‌ಗಳ ಒಂದು ಕೈಚಳಕ ಇದೆ, ಪಂಚ್ ಇಟ್ಟು ಹೌಸಿಂಗಿನ ಒಳಗೋಡೆಗೆ ಸುತ್ತಲೂ ಚುಕ್ಕೆ ಹೊಡೆಯುವುದು. ಚುಕ್ಕೆಯ ಅಂಚು ಉಬ್ಬಿ ಬೇರಿಂಗ್ ಬಿಗಿಯಾದಂತೆ ಕಾಣುತ್ತದೆ. ಬೇರಿಂಗ್ ಆಗ ನಿಂತಿರುವುದು ಆ ಹತ್ತಿಪ್ಪತ್ತು ಉಬ್ಬುಗಳ ತುದಿಯ ಮೇಲೆ. ಸ್ವಲ್ಪ ದಿನದಲ್ಲೇ ಅವು ಚಪ್ಪಟೆಯಾಗುತ್ತವೆ, ಬೇರಿಂಗಿನ ಕೇಂದ್ರವೂ ಕದಲುತ್ತದೆ. ನಾನು ಇದನ್ನು ಒಪ್ಪುವುದಿಲ್ಲ. ಸಡಿಲ ತೀರಾ ಕಡಿಮೆ ಇದ್ದರೆ ಬೇರಿಂಗ್ ಹಿಡಿಸುವ ಅಂಟು, ಲಾಕ್‌ಟೈಟ್ 641 ಥರದ್ದು, ಕೆಲಸ ಮಾಡುತ್ತದೆ. ಆದರೆ ಎರಡೂ ಮೈ ಎಣ್ಣೆಯ ಪಸೆ ಇಲ್ಲದಷ್ಟು ಶುದ್ಧವಾಗಿರಬೇಕು, ಹಾಗೆಯೇ ಆ ಅಂಟು ಎಣ್ಣೆಯ ತೂತಿಗೆ ಇಳಿಯಬಾರದು. ಅದಕ್ಕಿಂತ ಹೆಚ್ಚಿದ್ದರೆ ಹೌಸಿಂಗನ್ನು ಬೋರ್ ಮಾಡಿಸಿ ಉಕ್ಕಿನ ಅಥವಾ ಕಂಚಿನ ತೋಳು (ಸ್ಲೀವ್) ಹಾಕಿಸುವುದೇ ದಾರಿ. ಅದನ್ನು ಮಾಡುವಾಗ ಎರಡೂ ಕೇಸ್ ಜೋಡಿಸಿ ಎದುರು ಬೇರಿಂಗಿನ ನೇರಕ್ಕೆ ಬೋರ್ ಹಿಡಿಯಬೇಕು. ಎರಡು ಅರ್ಧಗಳು ಕಾರ್ಖಾನೆಯಲ್ಲಿ ಜೊತೆಯಾಗಿಯೇ ಮೆಷಿನ್ ಆದವು, ಹಲವು ಇಂಗ್ಲಿಷ್ ಇಂಜಿನ್‌ಗಳಲ್ಲಿ ಎರಡರ ಮೇಲೂ ಒಂದೇ ನಂಬರ್ ಒತ್ತಿರುತ್ತದೆ. ಬೇರೆ ಬೇರೆ ಇಂಜಿನ್ನಿನ ಎರಡು ಅರ್ಧ ಸೇರಿಸಿ ಕಟ್ಟಿದ ಗಾಡಿ ಸಿಕ್ಕರೆ ಎಲ್ಲಕ್ಕಿಂತ ಮೊದಲು ಈ ನೇರವನ್ನು ನೋಡಿ.

ಈವರೆಗೆ ಗುಂಡು, ರೋಲರ್ ಇರುವ ಬೇರಿಂಗ್ ಬಗ್ಗೆ ಹೇಳಿದೆ. ಬುಷ್ ಮತ್ತು ಶೆಲ್ (ಎರಡು ಅರ್ಧ ಬಳೆಗಳ) ಬೇರಿಂಗ್‌ಗಳ ಕಥೆ ಬೇರೆ, ಅಲ್ಲಿ ಉರುಳುವ ವಸ್ತುವೇ ಇಲ್ಲ, ಎಣ್ಣೆಯೇ ಬೇರಿಂಗ್. ಇದು ತಿಳಿದ ಬಗೆ ಸ್ವಾರಸ್ಯವಾಗಿದೆ, ಸ್ವಲ್ಪ ಹಳಿ ಬಿಟ್ಟು ಹೋಗುತ್ತೇನೆ. 1883ರಲ್ಲಿ ಇಂಗ್ಲೆಂಡಿನಲ್ಲಿ ಬೋಶಾಂಪ್ ಟವರ್ ಎಂಬ ಇಂಜಿನಿಯರ್ ರೈಲ್ವೆ ಆಕ್ಸಲ್ ಬೇರಿಂಗ್‌ಗಳ ಪರೀಕ್ಷೆಯ ವರದಿ ಕೊಟ್ಟ. ಪರೀಕ್ಷೆಯ ನಡುವೆ ಎಣ್ಣೆ ಬಿಡಲೆಂದು ಬೇರಿಂಗಿನ ಮೇಲ್ಭಾಗದಲ್ಲಿ ಒಂದು ತೂತು ಕೊರೆದ. ಎಣ್ಣೆ ಒಳಗೆ ಹೋಗುವ ಬದಲು ಆ ತೂತಿನಿಂದ ಮೇಲಕ್ಕೆ ಉಕ್ಕಿತು. ಬಿರಡೆ ಜಡಿದರೆ ಅದನ್ನೂ ತಳ್ಳಿ ಹೊರಹಾಕಿತು. ಗೇಜ್ ಹಾಕಿ ನೋಡಿದರೆ ಒತ್ತಡ ಬೇರಿಂಗಿನ ಮೇಲಿದ್ದ ಸರಾಸರಿ ಭಾರಕ್ಕಿಂತ ಎಷ್ಟೋ ಹೆಚ್ಚು. ತಿರುಗುವ ಶಾಫ್ಟ್ ತಾನೇ ಎಣ್ಣೆಯನ್ನು ಸಂದಿಗೆ ಎಳೆದುಕೊಂಡು ಅದರ ಮೇಲೆ ತೇಲುತ್ತಿತ್ತು. 1886ರಲ್ಲಿ ಆಸ್ಬರ್ನ್ ರೇನಾಲ್ಡ್ಸ್ ಇದಕ್ಕೆ ಗಣಿತ ಬರೆದ. ನಿಮ್ಮ ಟ್ರಯಂಫ್ ಟ್ವಿನ್ನಿನ ಬಿಗ್ ಎಂಡ್ ಶೆಲ್ ಇವತ್ತಿಗೂ ಬದುಕಿರುವುದು ಅದೇ ತೇಲಾಟದಿಂದ.

ಹಾಗಾಗಿ ಶೆಲ್ ಸವೆದಿದ್ದರೆ ಎಣ್ಣೆಯ ದಾರಿಯನ್ನು ಹುಡುಕಿಕೊಂಡು ಹೋಗಿ. ಟ್ರಯಂಫ್, ಬಿಎಸ್‌ಎ ಟ್ವಿನ್‌ಗಳ ಕ್ರ್ಯಾಂಕಿನ ಹೊಟ್ಟೆಯಲ್ಲಿ ಒಂದು ಕೊಳೆ ಹಿಡಿಯುವ ಕೊಳವೆ ಇದೆ, ಸ್ಲಡ್ಜ್ ಟ್ರ್ಯಾಪ್ ಎನ್ನುತ್ತಾರೆ. ಕ್ರ್ಯಾಂಕ್ ತಿರುಗುವ ರಭಸಕ್ಕೆ ಎಣ್ಣೆಯಲ್ಲಿರುವ ಭಾರದ ಕೊಳೆ ಆ ಕೊಳವೆಯ ಹೊರಗೋಡೆಗೆ ಮೆತ್ತಿಕೊಳ್ಳುತ್ತದೆ. ದಶಕಗಟ್ಟಲೆ ತೆಗೆಯದಿದ್ದರೆ ಗಟ್ಟಿ ಕಪ್ಪು ಜೇಡಿಯಂತಾಗಿ ಬಿಗ್ ಎಂಡಿಗೆ ಹೋಗುವ ತೂತನ್ನೇ ಮುಚ್ಚುತ್ತದೆ. ಅದರ ಪ್ಲಗ್ ಬಿಚ್ಚುವುದು ಕಷ್ಟ. ಪಂಚ್ ಹಾಕಿ ಜಡಿದಿರುತ್ತಾರೆ, ಆ ಗುರುತನ್ನು ಮೊದಲು ಡ್ರಿಲ್ಲಿನಿಂದ ತೆಗೆಯಬೇಕು, ಕ್ರ್ಯಾಂಕ್ ಕಾಯಿಸಬೇಕು, ಬೈಗುಳವೂ ಸ್ವಲ್ಪ ಬೇಕಾಗುತ್ತದೆ. ಕಷ್ಟವೆಂದು ಬಿಟ್ಟು, ಬರೀ ಪೆಟ್ರೋಲ್ ಹಾಯಿಸಿ ‘ಎಣ್ಣೆ ದಾರಿ ತೆರೆದಿದೆ’ ಎಂದು ಹೊಸ ಶೆಲ್ ಹಾಕುವವರಿದ್ದಾರೆ. ಅರ್ಧ ಸಡಿಲವಾದ ಕೊಳೆ ಮೊದಲ ಸವಾರಿಯಲ್ಲೇ ಹೊಸ ಶೆಲ್ಲಿಗೆ ಬರುತ್ತದೆ.

ಬಿಎಸ್‌ಎ ಟ್ವಿನ್‌ಗಳಲ್ಲಿ ಇನ್ನೊಂದು ವಿಶೇಷ. ಟೈಮಿಂಗ್ ಬದಿಯ (ಕ್ಯಾಮ್ ಗೇರ್ ಇರುವ ಬದಿಯ) ಮೇನ್ ಬೇರಿಂಗ್ ಒಂದು ಬುಷ್, ಬಿಗ್ ಎಂಡ್‌ಗಳಿಗೆ ಎಣ್ಣೆ ಹೋಗುವುದೂ ಅದರ ಮೂಲಕವೇ. ಬುಷ್ ಸವೆದಾಗ ಎಣ್ಣೆ ಪಕ್ಕದಿಂದ ಸೋರಿಹೋಗುತ್ತದೆ, ಮುಂದಿನ ಬಿಗ್ ಎಂಡ್ ಒಣಗುತ್ತದೆ. ಆಮೇಲೆ ರಾಡ್ ಮುರಿದು ಕೇಸಿನಿಂದ ಹೊರಬರುತ್ತದೆ. ಜನ ರಾಡನ್ನು ಬೈಯುತ್ತಾರೆ. ಆ ಬುಷ್ಷನ್ನು ಹೊಸದು ಹಾಕಿದ ಮೇಲೆ ಎದುರು ಬೇರಿಂಗಿನ ನೇರಕ್ಕೆ ರೀಮ್ ಮಾಡಿಸಲೇಬೇಕು, ಅಂದರೆ ತೂತನ್ನು ಕೆರೆದು ಸರಿಯಾದ ಅಳತೆಗೆ ತರಬೇಕು. ಬುಷ್ ಬದಲು ರೋಲರ್ ಹಾಕಿ, ಎಣ್ಣೆಯನ್ನು ಕ್ರ್ಯಾಂಕ್ ತುದಿಯಿಂದ ಕೊಡುವ ಬದಲಾವಣೆಯನ್ನು ಹಲವರು ಮಾಡಿಸುತ್ತಾರೆ. ಒಳ್ಳೆಯ ಕೈಯಲ್ಲಿ ಆದರೆ ನನ್ನ ತಕರಾರಿಲ್ಲ.

ಜರ್ನಲ್ (ಶೆಲ್ಲಿನೊಳಗೆ ತಿರುಗುವ ಕ್ರ್ಯಾಂಕಿನ ಭಾಗ) ಸವೆದು ಗ್ರೈಂಡ್ ಮಾಡಿಸಬೇಕಾದರೆ ಇಂಗ್ಲಿಷ್ ಗಾಡಿಗಳಿಗೆ ಇಂಚಿನ ಸಾವಿರದಲ್ಲಿ 10, 20, 30 ಭಾಗದಷ್ಟು ಕಡಿಮೆ ಗಾತ್ರದ ಶೆಲ್‌ಗಳು ಸಿಗುತ್ತವೆ. ಸಾವಿರದಲ್ಲಿ 10 ಭಾಗ ಅಂದರೆ ಸುಮಾರು ಕಾಲು ಮಿ.ಮೀ. ಗ್ರೈಂಡ್ ಮಾಡುವವರಿಗೆ ಒಂದು ಮಾತು ಬರೆದೇ ಕೊಡಿ: ಜರ್ನಲ್ ಗೋಡೆಗೆ ಸೇರುವ ಮೂಲೆಯಲ್ಲಿರುವ ದುಂಡನ್ನು ಉಳಿಸಬೇಕು. ಅದನ್ನು ಚೌಕ ಮಾಡಿದರೆ ಬಿರುಕು ಅಲ್ಲಿಂದಲೇ ಹೊರಡುತ್ತದೆ. 1969ರ ಹೋಂಡಾ ಸಿಬಿ750ಯಂಥವುಗಳಲ್ಲಿ ಕ್ರಮ ಬೇರೆ. ಕೇಸ್ ಮತ್ತು ಕ್ರ್ಯಾಂಕ್ ಮೇಲೆ ಒತ್ತಿದ ಗುರುತು ಓದಿ ಅದಕ್ಕೆ ತಕ್ಕ ಬಣ್ಣದ ಶೆಲ್ ಆರಿಸಬೇಕು. ಕೂರಿಸಿದ ಮೇಲೆ ಪ್ಲಾಸ್ಟಿಗೇಜ್ ಎಂಬ ಮೆದು ಪ್ಲಾಸ್ಟಿಕ್ ಎಳೆ ಇಟ್ಟು ಬಿಗಿದು, ಬಿಚ್ಚಿ, ಅದು ಎಷ್ಟು ಅಗಲಕ್ಕೆ ಚಪ್ಪಟೆಯಾಗಿದೆ ಎಂದು ನೋಡಿ ಎಣ್ಣೆಯ ಸಂದನ್ನು ಖಚಿತ ಮಾಡಿಕೊಳ್ಳಿ. ಎಳೆ ಇರುವಾಗ ಕ್ರ್ಯಾಂಕ್ ತಿರುಗಿಸಬೇಡಿ.

ಹೊಸ ಬೇರಿಂಗ್ ಆರಿಸುವುದಕ್ಕೆ ಬರೋಣ. ಮೇಲೆ ಬರೆದ ನಂಬರ್ ಓದಲು ಕಲಿತರೆ ಅರ್ಧ ತಲೆನೋವು ಕಡಿಮೆ. 6306 ಎಂದಿದ್ದರೆ ಕೊನೆಯ 06ನ್ನು 5ರಿಂದ ಗುಣಿಸಿ, 30 ಮಿ.ಮೀ. ಒಳವ್ಯಾಸ. ಅದರ ಹೊರವ್ಯಾಸ 72, ಅಗಲ 19. 6206 ಆದರೂ ಒಳವ್ಯಾಸ ಅದೇ 30, ಆದರೆ ಹೊರಗೆ 62, ಅಗಲ 16. ಇದು 04ರಿಂದ ಮೇಲಕ್ಕೆ ನಡೆಯುವ ಲೆಕ್ಕ. ಹಳೆಯ ಇಂಗ್ಲಿಷ್ ಗಾಡಿಗಳಲ್ಲಿ ಇಂಚಿನ ಅಳತೆ ಬರುತ್ತದೆ, ಅಲ್ಲಿ ಎಚ್ಚರ. ಒಂದೂ ಎಂಟನೇ ಒಂದು ಇಂಚು ಶಾಫ್ಟಿನ ಮೇನ್ ಬೇರಿಂಗಿನ ಹೊರವ್ಯಾಸ 71.44 ಮಿ.ಮೀ. ಕಣ್ಣಿಗೆ 72ರ ಹಾಗೇ ಕಾಣುತ್ತದೆ. ಅರ್ಧ ಮಿ.ಮೀ. ವ್ಯತ್ಯಾಸ ಅಂದರೆ ಬೇರಿಂಗ್ ಲೋಕದಲ್ಲಿ ಒಂದು ಊರಿನಷ್ಟು ದೂರ. ವರ್ನಿಯರ್ ಹಿಡಿದು ಅಳೆದೇ ತರಿಸಿ.

ನಂಬರಿನ ಹಿಂದೆ ಬರುವ ಸಿ3 ಎನ್ನುವುದನ್ನು ಲೆಕ್ಕಕ್ಕಿಲ್ಲ ಎಂದುಕೊಳ್ಳಬೇಡಿ. ಅದು ಬೇರಿಂಗಿನ ಒಳಗೆ ಬಿಟ್ಟಿರುವ ಸಡಿಲದ ಗುರುತು. 30 ಮಿ.ಮೀ. ಒಳವ್ಯಾಸದ ಬಾಲ್ ಬೇರಿಂಗಿಗೆ ಮಾಮೂಲಿ ಸಡಿಲ 5ರಿಂದ 20 ಮೈಕ್ರಾನ್, ಸಿ3 ಆದರೆ 13ರಿಂದ 28. ಶಾಫ್ಟಿಗೂ ಕೇಸಿಗೂ ಒತ್ತಿ ಕೂರಿಸಿದಾಗ ಒಳಬಳೆ ಹಿಗ್ಗುತ್ತದೆ, ಹೊರಬಳೆ ಕುಗ್ಗುತ್ತದೆ, ಮಾಮೂಲಿ ಬೇರಿಂಗಿನಲ್ಲಿ ಸಡಿಲವೇ ಉಳಿಯದೆ ಹೋಗಬಹುದು. ಅದಕ್ಕೇ ಹೆಚ್ಚಿನ ಕ್ರ್ಯಾಂಕ್‌ಗಳಿಗೆ ಸಿ3 ಕೇಳುವುದು. ಕೈಪಿಡಿ ಏನು ಹೇಳುತ್ತದೋ ಅದೇ ಸರಿ.

ಬಾಲ್ ತೆಗೆದು ರೋಲರ್ ಹಾಕಿದರೆ ಗಟ್ಟಿಯಲ್ಲವೇ ಎಂದು ಸಭೆಯಲ್ಲಿ ಯಾರೋ ಕೇಳಿದಿರಿ. ಭಾರ ಹೊರುವುದರಲ್ಲಿ ಹೌದು. ಆದರೆ ನಾರ್ಟನ್ ಕಮಾಂಡೋ ಕಥೆ ಕೇಳಿ. 1972ರ ಕಾಂಬ್ಯಾಟ್ ಇಂಜಿನ್ 10:1 ಕಂಪ್ರೆಷನ್ನಿನದು, ಶಕ್ತಿ ಹೆಚ್ಚು. ಆ ಶಕ್ತಿಗೆ ಕ್ರ್ಯಾಂಕ್ ಓಡುವಾಗ ಬಿಲ್ಲಿನಂತೆ ಬಾಗುತ್ತಿತ್ತು. ನೆಟ್ಟಗಿನ ರೋಲರ್ ಬಾಗುವ ಶಾಫ್ಟಿನ ಜೊತೆ ಬಾಗಲಾರದು, ಅದರ ಅಂಚು ದಾರಿಗೆ ಕಚ್ಚಿಕೊಳ್ಳುತ್ತಿತ್ತು. ಮೇನ್ ಬೇರಿಂಗ್‌ಗಳು ಬೇಗ ಬೇಗ ಹೋದವು. ಪರಿಹಾರವಾಗಿ ಬಂದದ್ದು ಸೂಪರ್‌ಬ್ಲೆಂಡ್ ಎಂದು ಹೆಸರಾದ ರೋಲರ್ ಬೇರಿಂಗ್, ಅದರ ರೋಲರ್‌ಗಳ ಅಂಚು ತುಸು ಇಳಿಜಾರು. ಕಣ್ಣಿಗೆ ಕಾಣದಷ್ಟು. ಗಾತ್ರ ಅದೇ 30, 72, 19. ಅಂದರೆ ‘ಅದೇ ಸೈಜು’ ಎಂದು ಅಗ್ಗದ ರೋಲರ್ ತಂದು ಹಾಕಿದರೆ ಗಡಿಯಾರ 1972ಕ್ಕೆ ಹಿಂದೆ ಓಡುತ್ತದೆ.

ಬಿಗ್ ಎಂಡ್ ರೋಲರ್ ಇರುವ ಒತ್ತುಕ್ರ್ಯಾಂಕ್‌ಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ, ಯಾಕೆಂದರೆ ಅದು ಪ್ರೆಸ್ ಮತ್ತು ಅನುಭವ ಇರುವವರ ಕೆಲಸ. ಜಾವಾ, ಯಮಾಹಾ ಟೂ-ಸ್ಟ್ರೋಕ್‌ಗಳಿಂದ ಹಿಡಿದು ಕವಾಸಾಕಿ ಝಡ್1 ನಾಲ್ಕು ಸಿಲಿಂಡರ್ ತನಕ ಹೀಗೇ, ತುಂಡುಗಳನ್ನು ಒತ್ತಿ ಸೇರಿಸಿದ ಕ್ರ್ಯಾಂಕ್. ಪಿನ್, ರೋಲರ್, ರಾಡ್ ಮೂರನ್ನೂ ಒಟ್ಟಿಗೆ ಬದಲಿಸಿ. ಸೇರಿಸಿದ ಮೇಲೆ ವಿ-ಬ್ಲಾಕಿನ ಮೇಲೆ ಇಟ್ಟು ಎರಡೂ ತುದಿಗೆ ಡಯಲ್ ಗೇಜ್ ಹಿಡಿದು ತಿರುಗಿಸಬೇಕು. ಸಾಮಾನ್ಯವಾಗಿ 0.03ರಿಂದ 0.05 ಮಿ.ಮೀ. ಒಳಗೆ ಓಟ (ತಿರುಗುವಾಗ ಶಾಫ್ಟಿನ ಕುಣಿತ) ಬರಬೇಕು. ಪಿನ್ನಿನ ನೇರದಲ್ಲಿ ಎರಡು ಗೇಜೂ ಒಟ್ಟಿಗೆ ಏರಿದರೆ ಚಕ್ರಗಳ ಬಾಯಿ ತೆರೆದಿದೆ ಅಥವಾ ಮುಚ್ಚಿದೆ, ಬೆಣೆ ಹಾಕಿಯೋ ವೈಸಿನಲ್ಲಿ ಅಮುಕಿಯೋ ತರಬೇಕು. ಪಿನ್ನಿಗೆ ಅಡ್ಡವಾಗಿ ಒಂದು ಏರಿ ಇನ್ನೊಂದು ಇಳಿದರೆ ಒಂದು ಚಕ್ರ ಪಿನ್ನಿನ ಮೇಲೆ ತಿರುಚಿಕೊಂಡಿದೆ, ತಾಮ್ರದ ಸುತ್ತಿಗೆಯ ಒಂದು ಪೆಟ್ಟು. ರಾಯಲ್ ಎನ್‌ಫೀಲ್ಡ್ ಹಳೆಯ ಸಿಂಗಲ್‌ಗಳಲ್ಲಿ ಬಿಗ್ ಎಂಡಿಗೆ ರೋಲರ್ ಬದಲು ತೇಲುವ ಬುಷ್ ಇದೆ, ಅದು ಪಿನ್ನಿಗೂ ರಾಡಿಗೂ ನಡುವೆ ತಾನೂ ತಿರುಗುತ್ತದೆ. ಅದಕ್ಕೆ ಎಣ್ಣೆ ಪಂಪ್ ಗಟ್ಟಿಯಾಗಿರಬೇಕು. ಪಂಪ್ ನೋಡದೆ ಬುಷ್ ಹಾಕಬೇಡಿ.

ಈಗ ಕೂರಿಸೋಣ. ಬೇರಿಂಗನ್ನು ಪೊಟ್ಟಣ ಬಿಚ್ಚದೆ ಹಿಂದಿನ ರಾತ್ರಿಯೇ ಫ್ರೀಜರಿನಲ್ಲಿಡಿ. ಮೈನಸ್ 18 ಡಿಗ್ರಿಗೆ 72 ಮಿ.ಮೀ. ಬೇರಿಂಗ್ ಸುಮಾರು 0.03 ಮಿ.ಮೀ. ಕುಗ್ಗುತ್ತದೆ. ಕಾದ ಕೇಸಿನ 0.16 ಜೊತೆ ಸೇರಿದರೆ ಒಳ್ಳೆಯ ಬಿಡುವು. ಕೇಸನ್ನು ಓವನ್‌ನಿಂದ ತೆಗೆದು ಮಟ್ಟಸವಾಗಿಟ್ಟು, ಬೇರಿಂಗನ್ನು ನೆಟ್ಟಗೆ ಹಿಡಿದು ಬಿಟ್ಟರೆ ಟಕ್ ಎಂದು ತಳಕ್ಕೆ ಕೂರುತ್ತದೆ. ಓರೆಯಾಗಿ ಇಳಿದು ಸಿಕ್ಕಿಕೊಂಡರೆ ಹೊಡೆಯಬೇಡಿ, ತೆಗೆದು ಮತ್ತೆ ಕಾಯಿಸಿ. ಕೂತ ಮೇಲೆ ಹೊರಬಳೆಯ ಅಳತೆಯ ಕೊಳವೆ ಇಟ್ಟು ಕೇಸ್ ಹಿಡಿಯುವ ತನಕ ಕೆಲವು ಕ್ಷಣ ಒತ್ತಿ ಹಿಡಿಯಿರಿ. ತಣಿಯುವಾಗ ಅದು ತುಸು ಮೇಲೇಳುವುದುಂಟು. ಫ್ರೀಜರಿನಿಂದ ಬಂದ ಉಕ್ಕಿನ ಮೇಲೆ ನೀರು ಬೆವರುತ್ತದೆ, ತಕ್ಷಣ ಎಣ್ಣೆ ಹಚ್ಚಿ. ಶಾಫ್ಟಿನ ಮೇಲೆ ಕೂರುವ ಒಳಬಳೆಯನ್ನು ಕಾಯಿಸಬೇಕಾದರೆ 120 ಡಿಗ್ರಿ ದಾಟಬೇಡಿ. ಅದಕ್ಕಿಂತ ಮೇಲೆ ಬೇರಿಂಗ್ ಉಕ್ಕಿನ ಗಡಸುತನ ಮತ್ತು ಅಳತೆಯನ್ನು ನಂಬುವಂತಿಲ್ಲ, ಪ್ಲಾಸ್ಟಿಕ್ ಕೇಜ್ ಇದ್ದರೆ ಅದಕ್ಕೂ ಅದೇ ಗಡಿ. ಒತ್ತಿದರೂ ಬಡಿದರೂ ಯಾವ ಬಳೆ ಬಿಗಿಯಾಗಿ ಕೂರುತ್ತದೋ ಅದರ ಮೇಲೆ ಮಾತ್ರ ಬಲ ಬೀಳಲಿ. ಒಂದು ಬದಿ ಅಂಚಿರುವ ರೋಲರ್ ಬೇರಿಂಗ್ ಆದರೆ ಅಂಚು ಯಾವ ಕಡೆಗೆ ಎಂದು ಬಿಚ್ಚುವಾಗಲೇ ಫೋಟೋ ತೆಗೆದಿಟ್ಟುಕೊಳ್ಳಿ, ತಿರುಗಾಮುರುಗಾ ಆದರೆ ಕೇಸ್ ಬಿಗಿದಾಗ ಕ್ರ್ಯಾಂಕ್ ಲಾಕ್ ಆಗುತ್ತದೆ.

ಕೇಸ್ ಮುಚ್ಚಿ ಬೋಲ್ಟ್ ಬಿಗಿಯುತ್ತಾ ಹೋಗುವಾಗ ಎರಡೆರಡು ಬೋಲ್ಟಿಗೆ ಒಮ್ಮೆ ಕ್ರ್ಯಾಂಕ್ ತಿರುಗಿಸಿ ನೋಡಿ. ಬಿಗಿದಂತೆ ಭಾರವಾಗುತ್ತಾ ಬಂದರೆ ನಿಲ್ಲಿಸಿ, ಒಂದು ಬೇರಿಂಗ್ ಪೂರ್ತಿ ತಳಕ್ಕೆ ಕೂತಿಲ್ಲ ಅಥವಾ ಶಿಮ್ (ಸಂದು ತುಂಬುವ ತೆಳು ಬಿಲ್ಲೆ) ಹೆಚ್ಚಾಗಿದೆ. ಕ್ರ್ಯಾಂಕಿನ ಅಡ್ಡ ಆಟವನ್ನು ಡಯಲ್ ಗೇಜಿನಲ್ಲಿ ಅಳೆಯಿರಿ. ಶಿಮ್ ಹಾಕುವ ಇಂಜಿನ್ನಾದರೆ ಇಲ್ಲಿ ಮತ್ತೆ ಬಿಚ್ಚಿ ಸರಿಮಾಡುವ ತಾಳ್ಮೆ ಬೇಕು. ಕೆಲವು ಇಂಜಿನ್‌ಗಳಲ್ಲಿ ಟೈಮಿಂಗ್ ಬದಿಯ ಪಿನಿಯನ್ ನಟ್ ಬಿಗಿದ ಮೇಲಷ್ಟೇ ಕ್ರ್ಯಾಂಕ್ ತನ್ನ ಜಾಗಕ್ಕೆ ಬರುತ್ತದೆ, ಅದಕ್ಕೂ ಮುಂಚೆ ಅಳೆದ ಅಳತೆ ಅಳತೆಯಲ್ಲ.

ಸ್ಟಾರ್ಟ್ ಮಾಡುವ ಮೊದಲು, ಎಣ್ಣೆಗೆ ಬೇರೆ ಟ್ಯಾಂಕ್ ಇರುವ ಫೋರ್-ಸ್ಟ್ರೋಕ್ ಆದರೆ, ಸ್ಪಾರ್ಕ್ ಪ್ಲಗ್ ತೆಗೆದು ಆ ಟ್ಯಾಂಕಿಗೆ ಎಣ್ಣೆ ವಾಪಸ್ ಬರುವುದು ಕಾಣುವ ತನಕ ಕಿಕ್ ಹೊಡೆಯಿರಿ. ಶೆಲ್ ಇರುವ ಇಂಜಿನ್ನಿಗೆ ಈ ಒಂದು ಹೆಜ್ಜೆಯನ್ನು ಯಾರೂ ಬಿಡಬಾರದು. ಕೂರಿಸುವಾಗಲೇ ಶೆಲ್ಲಿಗೆ ಗಟ್ಟಿ ಅಸೆಂಬ್ಲಿ ಎಣ್ಣೆ ಹಚ್ಚಿರಬೇಕು. ಮೊದಲ ಎಣ್ಣೆಯನ್ನು ಬೇಗ, ಒಂದು ಸಣ್ಣ ಸುತ್ತು ಹೋಗಿ ಬಂದು ಬಿಸಿ ಇರುವಾಗಲೇ ಇಳಿಸಿ. ಇಳಿದ ಎಣ್ಣೆಯನ್ನು ಬಿಳಿ ತಟ್ಟೆಯಲ್ಲಿ ಬಿಸಿಲಿಗೆ ಹಿಡಿದು ನೋಡಿ, ಅಯಸ್ಕಾಂತವನ್ನೂ ಒಮ್ಮೆ ಆಡಿಸಿ. ಮಿನುಗುವ ಬೂದಿಪುಡಿ ಸ್ವಲ್ಪ ಇದ್ದರೆ ಹೊಸ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳುತ್ತಿವೆ. ಉಗುರಿಗೆ ಸಿಗುವ ಚೂರು ಸಿಕ್ಕರೆ, ಅಯಸ್ಕಾಂತಕ್ಕೆ ಅಂಟಿದರೆ ಉಕ್ಕು, ಬೇರಿಂಗ್ ಕಡೆ ನೋಡಿ. ಅಂಟದೆ ತಾಮ್ರದ ಬಣ್ಣ ಇದ್ದರೆ ಶೆಲ್ ಅಥವಾ ಬುಷ್, ಬೆಳ್ಳಗಿದ್ದರೆ ಹೆಚ್ಚಾಗಿ ಅಲ್ಯೂಮಿನಿಯಂ, ಪಿಸ್ಟನ್ ಮತ್ತು ಕೇಸ್ ಕಡೆ ನೋಡಿ. ಆ ತಟ್ಟೆ ನೋಡಿದ ಮೇಲೆಯೇ ಎರಡನೇ ಸಲ ಎಣ್ಣೆ ತುಂಬಿಸಿ.